ಉಳಿಸಲೆಂದೇ ಕಿತ್ತ ಹಲ್ಲು: ನನ್ನ ಅನುಭವ

ನಾನು ಹಲ್ಲಿನ ಡಾಕ್ಟರ್. ಎರಡು ಸಲ ಆರ್‌ಸಿಟಿ (ಬೇರಿನ ನಾಳ ತೊಳೆದು ತುಂಬುವ ಚಿಕಿತ್ಸೆ) ಆಗಿ ಎರಡೂ ಸಲ ಕೆಟ್ಟ 37 ಅದು, ಅಂದರೆ ಕೆಳಗಿನ ಎಡಗಡೆಯ ಎರಡನೇ ದವಡೆಹಲ್ಲು. ಮೊದಲನೆಯದು ಬೇರೆ ಊರಿನಲ್ಲಿ ಆದದ್ದು, ಎರಡನೆಯದು ನನ್ನ ಕೈಯದೇ. ಕ್ಯಾಪ್ ಕತ್ತರಿಸಿ, ನಾಳದಲ್ಲಿ ತುಂಬಿದ್ದ ಹಳೇ ಜಿಪಿಯನ್ನು (ರಬ್ಬರಿನಂಥ ಗಟ್ಟಾಪರ್ಚಾ) ಅದನ್ನು ತೆಗೆಯುವ ಡಿ1, ಡಿ2, ಡಿ3 ಫೈಲ್ ಹಾಕಿ ಎಳೆದು, ತುದಿಯಲ್ಲಿ ಕಚ್ಚಿಕೊಂಡಿದ್ದ ಚೂರನ್ನು ಕೈಯಲ್ಲಿ ಹಿಡಿಯುವ ಎಚ್ ಫೈಲಿನಲ್ಲಿ ಕೆದಕಿ ತೆಗೆಯುವಷ್ಟರಲ್ಲಿ ಒಂದು ಮಧ್ಯಾಹ್ನವೇ ಹೋಗಿತ್ತು. ನೋಡಿದರೆ ಸಿ ಆಕಾರದ ನಾಳ. ಮೊದಲು ಮಾಡಿದವರು ಎರಡು ತುದಿ ತುಂಬಿ ನಡುವಿನ ಸೀಳನ್ನು ಮುಟ್ಟಿಯೇ ಇರಲಿಲ್ಲ. ನಾಳ ತೊಳೆಯುವ ಹೈಪೋಕ್ಲೋರೈಟ್ ಬಿಟ್ಟಾಗ ಆ ಸೀಳಿನುದ್ದಕ್ಕೂ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಕಾರಣ ಸಿಕ್ಕಿತು ಅಂದುಕೊಂಡೆ. ಒಳಗೆ ಔಷಧಿಯಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಎರಡು ವಾರ ಕಾದು ತುಂಬಿದೆ. ನಾಲ್ಕೇ ತಿಂಗಳಿಗೆ ಒಸಡಿನ ಮೇಲೆ ಅದೇ ಜಾಗದಲ್ಲಿ ಕೀವುಗುಳ್ಳೆ.

ಪೇಶೆಂಟ್ ಪ್ರೈಮರಿ ಶಾಲೆಯ ಟೀಚರ್. ಎರಡೂ ಕಡೆ ಸೇರಿ ಆಗಲೇ ಸುಮಾರು 14,000 ರೂಪಾಯಿ ಖರ್ಚಾಗಿತ್ತು. ಕಿತ್ತು ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಅಂದರೆ ನಮ್ಮ ಕಡೆ 30,000 ದಾಟುತ್ತದೆ. "ಕೀಳಿಸೋದಾದ್ರೆ ಯಾರ ಹತ್ರನಾದ್ರೂ ಕೀಳಿಸ್ತಿದ್ದೆ ಡಾಕ್ಟ್ರೇ, ಉಳಿಸ್ತೀರಿ ಅಂತ ನಿಮ್ಮ ಹತ್ರ ಬಂದೆ" ಅಂದರು. ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು.

ಎಪಿಕೋ (ಮೂಳೆ ಕೊರೆದು ಬೇರಿನ ತುದಿ ಕತ್ತರಿಸುವ ಶಸ್ತ್ರಚಿಕಿತ್ಸೆ) ಮಾಡೋಣವೆಂದರೆ ಆ ಜಾಗದಲ್ಲಿ ಕೆನ್ನೆ ಕಡೆಯ ಮೂಳೆ ತುಂಬ ದಪ್ಪ. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) ನರದ ನಾಳ ಬೇರಿನ ತುದಿಗೆ ಅಂಟಿಕೊಂಡಂತೇ ಕಾಣುತ್ತಿತ್ತು. ಆದರೆ ಅದೇ ಸ್ಕ್ಯಾನಿನಲ್ಲಿ ಇನ್ನೊಂದೂ ಕಂಡಿತು: ಬೇರುಗಳು ಕೂಡಿಕೊಂಡು ಮೊಳೆಯ ಹಾಗೆ ನೇರವಾಗಿವೆ. ಹಲ್ಲಿನ ಸುತ್ತ ಒಸಡಿನೊಳಗೆ ಪ್ರೋಬ್ (ಅಳತೆಯ ಕಡ್ಡಿ) ಹಾಕಿದರೆ ಆಳ ಎಲ್ಲೂ 3 ಮಿ.ಮೀ. ಮೀರಲಿಲ್ಲ, ಹಾಗಾಗಿ ಬೇರು ಸೀಳಿರುವ ಅನುಮಾನವೂ ದೂರವಾಯಿತು. ಕಿತ್ತು, ಹೊರಗೇ ತುದಿ ಕತ್ತರಿಸಿ ಮುಚ್ಚಿ, ವಾಪಸ್ ಇಡುವುದೆಂದು ತೀರ್ಮಾನಿಸಿದೆ.

ನಮ್ಮೂರಿನ ಹಿರಿಯರೊಬ್ಬರಿಗೆ ಹೇಳಿದಾಗ, "ಕಿತ್ತು ವಾಪಸ್ ಇಡ್ತೀಯಾ ಮಾರಾಯ? ಮೂರು ತಿಂಗಳಲ್ಲಿ ಕೈಗೆ ಬರುತ್ತೆ ನೋಡ್ತಿರು" ಅಂದರು. ಅವರು ಹಾಗನ್ನಲು ಕಾರಣವಿತ್ತು, ಅದಕ್ಕೂ ಮೊದಲು ನಾನು ಹೀಗೇ ಮಾಡಲು ಹೋಗಿ ಎರಡು ಹಲ್ಲು ಕಳೆದಿದ್ದೆ. ಮೊದಲನೆಯದು 46 (ಕೆಳಗಿನ ಬಲಗಡೆಯ ಮೊದಲ ದವಡೆಹಲ್ಲು), ಕವಲೊಡೆದ ಬೇರು. ಕೀಳುವಾಗಲೇ ಒಂದು ಬೇರು ಲಟಕ್ಕೆಂದು ಮುರಿಯಿತು. ತೆಗೆದುಕೊಂಡಿದ್ದ 4,000 ವಾಪಸ್ ಕೊಟ್ಟೆ. ಎರಡನೆಯದು ಸಲೀಸಾಗಿ ಬಂತು. ಆದರೆ ತುದಿಯಲ್ಲಿ ತುಂಬಿದ ಎಂಟಿಎ ಸಿಮೆಂಟ್ ಪದೇ ಪದೇ ತೊಳೆದುಹೋಗಿ, ಹಲ್ಲು ಹೊರಗಿದ್ದದ್ದು ಹೆಚ್ಚುಕಡಿಮೆ 27 ನಿಮಿಷ. ಒಂದು ವರ್ಷದ ಮೇಲೆ ತಟ್ಟಿದರೆ ಕಂಚಿನ ಲೋಟ ಬಡಿದಂಥ ಸದ್ದು, ಹಲ್ಲು ಮೂಳೆಗೇ ಅಂಟಿಬಿಟ್ಟ ಗುರುತು ಅದು. ಎಕ್ಸ್-ರೇಯಲ್ಲಿ ಬೇರನ್ನು ಮೂಳೆ ತಿಂದುಹಾಕುತ್ತಿತ್ತು.

ಆಮೇಲೆ ಕಿತ್ತೆಸೆಯುವ ಹಲ್ಲುಗಳನ್ನು ಕೂಡಿಟ್ಟು, ಗಡಿಯಾರ ಎದುರಿಟ್ಟುಕೊಂಡು ಸುಮಾರು 30 ಸಲ ಅಭ್ಯಾಸ ಮಾಡಿದೆ. ಆ ದಿನಗಳಲ್ಲೇ ಒಂದು ಎಳನೀರಿನ ಪ್ರಯೋಗವೂ ಆಯಿತು. ಬೇರು ಒಣಗದ ಹಾಗೆ ಬಿದ್ದ ಹಲ್ಲನ್ನು ಎಳನೀರಿನಲ್ಲಿ ಇಡಬಹುದೆಂದು ಓದಿದ್ದೆ. ನಮ್ಮ ಕಡೆ ಅದಕ್ಕೇನು ಬರ! ಆದರೆ ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ 5ರ ಹತ್ತಿರ ತೋರಿಸಿತು. ಅಷ್ಟು ಹುಳಿಯಲ್ಲಿ ಲಿಗಮೆಂಟಿನ (ಬೇರನ್ನು ಮೂಳೆಗೆ ಕಟ್ಟಿಹಿಡಿಯುವ ನಾರಿನ) ಜೀವಕೋಶ ಇಡಲು ಮನಸ್ಸು ಬರಲಿಲ್ಲ, ಸಲೈನಿಗೇ ನಿಂತೆ.

ಟೀಚರ್ ಹಲ್ಲಿಗೆ ಎಲಿವೇಟರ್ (ಹಲ್ಲು ಮೀಟುವ ಸಲಕರಣೆ) ಮುಟ್ಟಿಸಲೇ ಇಲ್ಲ. ಫೋರ್ಸೆಪ್ಸಿನ (ಇಕ್ಕಳದ) ಕೊಕ್ಕು ಕ್ರೌನ್, ಅಂದರೆ ಒಸಡಿನ ಮೇಲಿನ ಭಾಗ, ಬಿಟ್ಟು ಕೆಳಗಿಳಿಯಬಾರದು. ಅಲ್ಲಾಡಿಸುತ್ತ, ಬಿಡುತ್ತ, ಮತ್ತೆ ಅಲ್ಲಾಡಿಸುತ್ತ 20 ನಿಮಿಷದ ಮೇಲೇ ಹಿಡಿಯಿತು. ಜಾರದ ಹಾಗೆ ಹಿಡಿಯಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದು ಬರೆದು ತಿಳಿಸುವಂಥದ್ದಲ್ಲ, ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ. ಹೊರಬಂದ ಕೂಡಲೇ ಗಡಿಯಾರ ಶುರು. ಸಿಸ್ಟರ್ ಸಿರಿಂಜಿನಿಂದ ಬೇರಿನ ಮೇಲೆ ಸಲೈನ್ ಬಿಡುತ್ತಲೇ ಇದ್ದರು. ತುದಿಯಿಂದ 3 ಮಿ.ಮೀ. ಕತ್ತರಿಸಿ ಸಂದುಗಳನ್ನು ತೋರಿಸುವ ನೀಲಿ ಬಣ್ಣ, ಮೆಥಿಲೀನ್ ಬ್ಲೂ, ಹಚ್ಚಿದೆ. ಎರಡು ಜಿಪಿ ಚುಕ್ಕೆಗಳ ನಡುವೆ ಕೂದಲೆಳೆಯಂಥ ನೀಲಿ ಗೆರೆ! ಎರಡು ಸಲ ಸೋಲಿಸಿದ್ದು ಅದೇ ಗೆರೆ. ಅದನ್ನು ಸಣ್ಣ ಬರ್‌ನಿಂದ 3 ಮಿ.ಮೀ. ಆಳಕ್ಕೆ ಕೊರೆದು ಬೇಗ ಗಟ್ಟಿಯಾಗುವ ಬಯೋಡೆಂಟಿನ್ ಸಿಮೆಂಟ್ ತುಂಬಿದೆ. ನನ್ನ ಲೆಕ್ಕದಲ್ಲಿ ಎಂಟಿಎ ಬದಲಿಸಿದ್ದೇ ಅರ್ಧ ಗೆಲುವು. ಬೇರಿನ ಮೈ ಮುಟ್ಟಲಿಲ್ಲ, ಗುಳಿಯ ಗೋಡೆ ಕೆರೆಯಲಿಲ್ಲ, ಹೆಪ್ಪುಗಟ್ಟಿದ ರಕ್ತವನ್ನಷ್ಟೇ ಹಗುರವಾಗಿ ಹೀರಿ ಹಲ್ಲನ್ನು ಒತ್ತಿ ಕೂರಿಸಿದೆ. ಈ ಸಲ ಹಲ್ಲು ಹೊರಗಿದ್ದದ್ದು 11 ನಿಮಿಷ. ಮೇಲಿಂದ ಎಂಟರ ಆಕಾರದ ಹೊಲಿಗೆ, ಹತ್ತು ದಿನ ಗಂಜಿ, ಮೆತ್ತಗಿನ ಅನ್ನ.

ಎಲ್ಲ ಸೇರಿ 9,000 ತೆಗೆದುಕೊಂಡೆ. ಅದರಲ್ಲಿ ಸ್ಕ್ಯಾನ್ ಮತ್ತು ಸಾಮಾನಿಗೆ ಹತ್ತಿರ ಹತ್ತಿರ 3,500 ಹೋಯಿತು. ಮೂರನೇ ವಾರಕ್ಕೆ ಗುಳ್ಳೆ ಒಣಗಿತು. ಆರು ತಿಂಗಳ ಎಕ್ಸ್-ರೇಯಲ್ಲಿ ಕಪ್ಪು ಜಾಗ ಅರ್ಧಕ್ಕೆ ಇಳಿದಿತ್ತು.

ಅಲ್ಲಿಂದೀಚೆಗೆ ಇನ್ನು ನಾಲ್ಕು ಮಾಡಿದ್ದೇನೆ, ಎಲ್ಲ ಕೂಡುಬೇರಿನವು. ಕವಲುಬೇರು, ಒಸಡಿನಲ್ಲಿ ಒಂದೇ ಕಡೆ ಆಳ ಪಾಕೆಟ್ (ಸಂದು), ರಾತ್ರಿ ಹಲ್ಲು ಕಡಿಯುವವರು, ಇವರನ್ನು ಈ ದಾರಿಗೆ ತರಬೇಡಿ.

ಟೀಚರ್ ಹೋದ ತಿಂಗಳು ಬಂದಿದ್ದರು, ಎರಡು ವರ್ಷ ತುಂಬಿತು. ಮಿರರ್ ಹಿಡಿಯಿಂದ ಪಕ್ಕದ 36 ತಟ್ಟಿದೆ, ಆಮೇಲೆ 37 ತಟ್ಟಿದೆ. ಎರಡರದೂ ಒಂದೇ ಮಂದ ಸದ್ದು.