ಪಿಗ್ಮಿ ಏಜೆಂಟನ ಲೆಕ್ಕ

ನಾ ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟರೀ, ಅದೂ ಎರಡನೇ ಸಲ ಪಾಸ್. ಗುಳೇದಗುಡ್ಡದಾಗ ಅಪ್ಪ ಖಣ ನೇಯ್ತಿದ್ದ, ನನಗ ಮಗ್ಗದ ಮುಂದ ಕುಂದ್ರೂದು ಬಗೀಹರೀಲಿಲ್ಲ, ಬಾಗಲಕೋಟಿಗೆ ಬಂದು ಪಿಗ್ಮಿ ಏಜೆಂಟ್ ಆದೆ, ಅಂದ್ರ ಅಂಗಡಿ ಅಂಗಡಿಗೆ ಹೋಗಿ ದಿನಾ ಉಳಿತಾಯದ ಚಿಲ್ಲರೆ ರೊಕ್ಕ ಇಸ್ಕೊಳ್ಳಾಂವ. ಈ ಪಿಗ್ಮಿ 1928ರಾಗ ಉಡುಪಿ ಕಡೆ ಟಿ.ಎಂ.ಎ. ಪೈ ಅವ್ರ ಬ್ಯಾಂಕಿನವ್ರು ದಿನಕ್ಕ ಎರಡಾಣೆ ಇಸ್ಕೊಂಡು ಚಾಲೂ ಮಾಡಿದ್ದು, ನನ್ನ ಕಾಲಕ್ಕ ಚಾದಂಗಡಿಯವ ಐದು ರೂಪಾಯಿ ಕೊಡ್ತಿದ್ದ. ಸೈಕಲ್ ಮ್ಯಾಲೆ ತಿರುಗಿ ತಿರುಗಿ ಒಂದು ತಿಳೀತು, ಮಳಿ ಬಂದು ಯಾಪಾರ ಇಲ್ಲದ ದಿನಾನೂ ಎರಡು ರೂಪಾಯಿ ಎತ್ತಿಟ್ಟ ಹೂವಿನಾಕಿ ಸಾಲ ಮುಳುಗಸಂಗಿಲ್ಲ.

ಸಹಕಾರಿ ಸಂಘಗಳಿಗೆ ಸಂಬಂಧಪಟ್ಟ ಸೌಹಾರ್ದ ಕಾಯ್ದೆ 2001ರಾಗ ಜಾರಿ ಆತು, ಮುಂದ ನಾವು ಗೆಳ್ಯಾರೆಲ್ಲಾ ಕೂಡಿ ಠೇವಣಿ ಇಸ್ಕೊಂಡು ಸಾಲ ಕೊಡೂ ಸೊಸೈಟಿ ತಗದ್ವಿ. ಅವಾಗ ಆಲಮಟ್ಟಿ ಹಿನ್ನೀರಿಂದ ಊರಿಗೂರ ಮುಳುಗಡಿ, ಮಂದಿ ಕೈಯಾಗ ಪರಿಹಾರದ ರೊಕ್ಕ, ಎಷ್ಟೋ ಮಂದಿ ಜೀಪು ತಗೊಂಡ್ರು, ಮದಿವಿ ಜೋರ್ ಮಾಡಿದ್ರು, ಎರಡು ವರ್ಷದಾಗ ಕೈ ಖಾಲಿ. ನಾನೂ ಶಾಣ್ಯಾ ಏನಲ್ಲ, ಒಬ್ಬ ದೊಡ್ಡ ಪಾರ್ಟಿಗೆ ಕಾಗದಪತ್ರ ಸರಿ ನೋಡಲಾರದ ಸಾಲ ಕೊಟ್ಟು, ಬೋರ್ಡ್ ಮೀಟಿಂಗಿನ್ಯಾಗ ತಲಿ ತಗ್ಗಿಸಿ ಕುಂತೀನಿ.

ನಾ ಹುಡುಗರ ಕಾಲೇಜ್ ಫೀ ಕಟ್ಟೂ ದಾನದ ಮಾತಿಗೆ ಬರ್ತೇನಿ. ಸೊಸೈಟಿ ರೊಕ್ಕ ಠೇವಣಿ ಇಟ್ಟವ್ರದು, ಅದರಾಗಿಂದ ತಗದು ದಾನಶೂರ ಅನಿಸ್ಕೊಳ್ಳೂದು ಕಳ್ಳತನ ಅಂತ ನನ್ನ ಲೆಕ್ಕ. ನವನಗರದಾಗಿನ ನನ್ನ ಸ್ವಂತ ಪ್ಲಾಟ್ ಮಾರಿ ಬ್ಯಾಂಕಿನ್ಯಾಗ ಎಫ್‌ಡಿ ಇಟ್ಟೆ, ಬಡ್ಡಿ ಅಷ್ಟ ಖರ್ಚು, ಅಸಲು ಮುಟ್ಟಂಗಿಲ್ಲ. ನಮ್ಮ ಕಡೆ ಸಿರಸಂಗಿ ಲಿಂಗರಾಜ ದೇಸಾಯರು ಆಸ್ತಿನ ಹುಡುಗರ ಓದಿಗೆ ಬರದಿಟ್ಟು ಹೋದ್ರು, ಅವ್ರ ಮುಂದ ನಂದೇನು, ಉಪ್ಪಿನಕಾಯಿ.

ಮೊದಲ್ನೇ ವರ್ಷ ತಪ್ಪು ಮಾಡಿದೆ, ಒಬ್ಬ ಹುಡುಗಿ ಫೀ ರೊಕ್ಕ ಆಕಿ ಅಪ್ಪನ ಕೈಯಾಗ ಕೊಟ್ಟೆ, ಅಂವ ದೊಡ್ಡ ಮಗಳ ಸೀಮಂತ ಮಾಡಿದ, ಸಣ್ಣಾಕಿ ಕಾಲೇಜ್ ಬಿಟ್ಲು. ಬೈಯಾಕ ಹೋಗಿದ್ದೆ, ಆ ಮನಿ ನೋಡಿ ಬಾಯಿ ಬರ್ಲಿಲ್ಲ. ಅವತ್ತಿಂದ ರೊಕ್ಕ ನೇರ ಕಾಲೇಜ್ ಖಾತೆಕ್ಕ, ಮಾರ್ಕ್ಸ್ ಕಾರ್ಡ್ ಬಂದ ಮ್ಯಾಲೆ ಮುಂದಿನ ಕಂತು. ಫೇಲ್ ಆದ್ರ ಬಿಡಂಗಿಲ್ಲ, ಒಂದು ಸಲ ಫೇಲ್ ಆದಂವ ನಾನ ಇದ್ದೀನಲ್ರೀ, ಆದ್ರ ಬಂದು ಹೇಳಬೇಕು. ಸ್ಟೇಜ್ ಮ್ಯಾಲೆ ನಿಲ್ಲಿಸಿ ಚೆಕ್ ಕೊಡೂ ಫೋಟೋ ಬ್ಯಾಡ ಅಂದೀನಿ, ಹುಡುಗ್ಯಾರು ನಾಚ್ಕೋತಾವ.

ಈ ವರ್ಷ ಹನ್ನೊಂದು ಮಂದಿ ಅದಾರ, ಹಳೇ ಪಿಗ್ಮಿ ಬುಕ್ಕಿನ್ಯಾಗನ ಹೆಸರು ಬರಕೊಂಡೀನಿ. ಫಾರ್ಮಸಿ ಓದೂ ಹುಡುಗಿದು ಮಾರ್ಕ್ಸ್ ಕಾರ್ಡ್ ಇನ್ನಾ ಬಂದಿಲ್ಲ, ನಾಳೆ ಫೋನ್ ಹಚ್ಚಬೇಕು.