ಹತ್ತೋದಲ್ಲ, ಇಳಿಯೋದೇ ಕಷ್ಟ: ಎತ್ತರದ ಭಯ ಬಿಟ್ಟ ಕಥೆ

ಬೆಟ್ಟ ಹತ್ತುವಾಗ ನನಗೆ ಯಾವತ್ತೂ ಭಯ ಆಗಿಲ್ಲ. ಆಗೋದು ಇಳಿಯುವಾಗ. ಹೀಗಂದರೆ ನಮ್ಮ ಚರ್ಚಿನ ತಂಡದವರು ನಗುತ್ತಿದ್ದರು. "ಹತ್ತೋಕೆ ದಮ್ಮು ಬೇಕು, ಇಳಿಯೋಕೆ ಏನು ಬೇಕು ಬ್ರದರ್?" ಅಂತ. ಈ ಸಲ ಕ್ರಿಸ್‌ಮಸ್ ಕಳೆದ ಮೇಲಿನ ಮಿಷನ್ ಟ್ರಿಪ್‌ನಲ್ಲಿ ಯಾರ ಕೈಯನ್ನೂ ಹಿಡಿಯದೆ ಇಳಿದು ಬಂದೆ. ಈಗ ಅವರೇ "ಹೇಗೆ ಮಾಡಿದಿರಿ" ಎಂದು ಕೇಳುತ್ತಿದ್ದಾರೆ.

ನಾವು ಹೋಗೋದು ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಒಂದು ಹಳ್ಳಿಗೆ. ಬಿಪಿ, ಶುಗರ್ ನೋಡೋದು, ಔಷಧಿ, ಕಂಬಳಿ ಕೊಡೋದು. ಆ ಕಡೆ ಖಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ತರುವ ಹಳ್ಳಿಗಳು ಇನ್ನೂ ಇವೆ. ಎಲ್ಲವನ್ನೂ ಬೆನ್ನ ಮೇಲೇ ಸಾಗಿಸಬೇಕು. ನಾನು ನಡುದಾರಿಯಲ್ಲಿ ಕೂತುಬಿಟ್ಟರೆ ನನ್ನ ಬ್ಯಾಗನ್ನು ಇನ್ನೊಬ್ಬರು ಹೊರಬೇಕು. ಹಿಂದೆ ಹಾಗೇ ಆಗಿತ್ತು.

ಮೊದಲು ದುಡ್ಡು ಹೋದ ಲೆಕ್ಕ. ಜಿಮ್ಮಿಗೆ ಏಳೆಂಟು ಸಾವಿರ. ಆನ್‌ಲೈನಿನಲ್ಲಿ "ಭಯ ಬಿಡಿಸುವ" ಕ್ಲಾಸಿಗೆ ಸುಮಾರು 6,000. ಕಣ್ಣು ಮುಚ್ಚಿ ಉಸಿರು ಬಿಡಿ ಅಂದರು. ಇಳಿಜಾರಿನಲ್ಲಿ ಕಣ್ಣು ಮುಚ್ಚೋಕಾಗುತ್ತಾ? ಆಮೇಲೆ 4,500ರ ಟ್ರೆಕ್ಕಿಂಗ್ ಶೂ. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಎರಡು ಉಗುರು ಕಪ್ಪಾದವು. ಈಗ ಹಾಕೋದು ಸಾವಿರದೊಳಗಿನ ಮಾಮೂಲಿ ಶೂ. ಅಡಿ ಮೆತ್ತಗಿದ್ದರೆ ಬಂಡೆ ಕಾಲಿಗೆ ಗೊತ್ತಾಗುತ್ತದೆ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ತಿಂಗಳುಗಟ್ಟಲೆ ಹತ್ತಿದೆ. ನಂದಿಯವರೆಗೆ ನಿಲ್ಲದೆ ಹೋಗುವಷ್ಟು ದಮ್ಮು ಬಂತು, ಧೈರ್ಯ ಬರಲಿಲ್ಲ. ಮೆಟ್ಟಿಲು ಮೆಟ್ಟಿಲೇ. ಕಾಡಿನ ದಾರಿಯಲ್ಲಿ ಯಾರು ಮೆಟ್ಟಿಲು ಕಟ್ಟಿರುತ್ತಾರೆ?

ಕೆಲಸ ಮಾಡಿದ್ದು ಪಾಂಡವಪುರದ ಕುಂತಿಬೆಟ್ಟ. ಬರೀ ಬಂಡೆ. ಬಸ್ಸು, ತಿಂಡಿ ಸೇರಿ ಒಂದು ಸಲಕ್ಕೆ ಇನ್ನೂರು ರೂಪಾಯಿ ಒಳಗೆ. ತುದಿಗೆ ಹೋಗೋ ಆಸೆಯನ್ನೇ ಬಿಟ್ಟೆ. ನನಗೆ ಕಾಲು ನಡುಗುವ ಒಂದು ಇಳಿಜಾರು ಹುಡುಕಿಕೊಂಡೆ. ಹತ್ತು ಹದಿನೈದು ಮಾರು ಇರಬಹುದು. ಅಲ್ಲೇ ಹತ್ತೋದು, ಅಲ್ಲೇ ಇಳಿಯೋದು. ನಡುಕ ಬಂದ ಜಾಗದಲ್ಲಿ ನಿಲ್ಲಬೇಕು. ಎದೆ ಢವಢವ ಅನ್ನೋದು ತಾನಾಗಿ ಇಳಿಯೋವರೆಗೆ ಮೇಲಕ್ಕೂ ಹೋಗಬಾರದು, ಕೆಳಕ್ಕೂ ಓಡಬಾರದು. ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಆಮೇಲೆ ಐದು ನಿಮಿಷ. ಭಯ ಜೋರಾಗಿರುವಾಗಲೇ ವಾಪಸ್ಸು ಬಂದರೆ ಮುಂದಿನ ವಾರ ಅದು ಬಡ್ಡಿ ಸಮೇತ ಕಾದಿರುತ್ತದೆ.

ಕುರಿ ಮೇಯಿಸುವ ಒಬ್ಬ ಅಜ್ಜ ಎರಡು ಭಾನುವಾರ ನೋಡಿ, "ಏನ್ ಕಳ್ಕಂಡಿದ್ದೀರಿ ಸ್ವಾಮಿ, ನಾನೂ ಹುಡುಕ್ಲಾ?" ಅಂದ.

ಇಳಿಯುವಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಅಲ್ಲೇ ಹಿಮ್ಮಡಿ ಜಾರೋದು. ಮಂಡಿ ಸ್ವಲ್ಪ ಮಡಚಿ, ಪಾದ ಪೂರ್ತಿ ಊರಿ, ಮೈಭಾರ ಕಾಲಿನ ನೇರಕ್ಕೆ ತರಬೇಕು. ಮನಸ್ಸು ಬೇಡ ಅನ್ನುತ್ತದೆ, ಕಾಲು ಕೇಳುತ್ತದೆ. ಕುಂಡಿ ಊರಿ ಜಾರೋದು ಬೇಡವೇ ಬೇಡ. ಪ್ಯಾಂಟ್ ಹರಿಯೋದು ಹೋಗಲಿ, ಭಯ ಜಾಸ್ತಿಯಾಗುತ್ತದೆ. ಒಣ ಬಂಡೆ ಒಳ್ಳೆ ಹಿಡಿತ ಕೊಡುತ್ತದೆ. ನೀರು ಹರಿದು ಕಪ್ಪಾದ ಪಟ್ಟಿಯನ್ನು ಮಾತ್ರ ನಂಬಬೇಡಿ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಬರಿಗಾಲಲ್ಲಿ ಇಳಿದರೆ ಹಿಡಿತ ಚೆನ್ನಾಗಿರುತ್ತದೆ, ಬಿಸಿಲೇರಿದ ಮೇಲೆ ಆಗಲ್ಲ. ಒಮ್ಮೆ ಬೆಳಗಿನ ಜಾವ ಟಾರ್ಚ್ ಹಿಡಿದು ಹೋದೆ. ಆಳ ಕಾಣಲಿಲ್ಲ, ಭಯವೂ ಇಲ್ಲ! ಆದರೆ ಬೆಳಕಾದ ಮೇಲೆ ಅದೇ ನಡುಕ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಭಾರಕ್ಕೆ ನೀರಿನ ಬಾಟಲಿ ತುಂಬಿಕೊಂಡೆ. ಶುರುವಿನಲ್ಲಿ ಮೇಲೆ ಹೋದ ಮೇಲೆ ನೀರು ಚೆಲ್ಲಿ ಹಗುರವಾಗಿ ಇಳಿದೆ. ಒಂದೊಂದೇ ಬಾಟಲಿ ಉಳಿಸಿಕೊಳ್ಳುತ್ತಾ ಕೊನೆಗೆ ಏಳೆಂಟು ಕೆಜಿ ಹೊತ್ತೇ ಇಳಿದೆ. ಇದು ಮಾತ್ರ ನನ್ನ ತಲೆಯಿಂದಲೇ ಬಂದದ್ದು, ಅಷ್ಟು ಹೇಳಿಕೊಳ್ಳಬಹುದು ಅಲ್ವಾ?

ನಿಂತಾಗ ಬಾಯಲ್ಲಿ ಏನು ಹೇಳಿಕೊಳ್ಳುತ್ತೇನೆ, ಕಣ್ಣನ್ನು ಎಲ್ಲಿಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಜೊತೆಗೆ ಬಂದವರಿಗೆ ತೋರಿಸುತ್ತೇನೆ. ಪ್ರಾರ್ಥನೆ ಮಾತ್ರ ಅಂದುಕೊಳ್ಳಬೇಡಿ.

ಟ್ರಿಪ್ ದಿನ ಆನೆ ಓಡಾಡುವ ಹೊತ್ತು ತಪ್ಪಿಸಿ, ಬಿಸಿಲು ಬಿದ್ದ ಮೇಲೆ ಹೊರಟೆವು. ಕೊರಕಲಿನ ಪಕ್ಕದ ದಾರಿ ಒಂದಾಳು ನಡೆಯುವಷ್ಟೇ ಅಗಲ, ಉದ್ದಕ್ಕೂ ಸಡಿಲ ಜಲ್ಲಿ. ಬರುವಾಗ ಅಲ್ಲಿ ಕಾಲು ನಡುಗಿತು. ನಿಂತೆ. ಹಿಂದಿನವರಿಗೆ "ಐದು ನಿಮಿಷ" ಅಂದೆ. ಮೂರೇ ನಿಮಿಷಕ್ಕೆ ಇಳಿದೆ. ಆಮೇಲೆ ಇನ್ನೊಬ್ಬರ ಬ್ಯಾಗನ್ನೂ ಇಸಕೊಂಡೆ, ಸುಮ್ನೆ, ತೋರಿಸೋಕೆ.

ಮುಂದಿನ ಭಾನುವಾರ ತಂಡದ ಇಬ್ಬರು ಕುಂತಿಬೆಟ್ಟಕ್ಕೆ ಬರುತ್ತಿದ್ದಾರೆ. ತಿಂಡಿ ಖರ್ಚು ಅವರದ್ದೇ. ಹೊಸ ಶೂ ತಗೋಬೇಡಿ ಎಂದಿದ್ದೆ. ಒಬ್ಬ ಆಗಲೇ ತಗೊಂಡಿದ್ದಾನಂತೆ.