ಬ್ರೇಕ್ ಹಿಡ್ಕೊಂಡೇ ಇದ್ರೆ ಮೊದ್ಲು ನಿಪ್ಪಲ್ ಸಡಿಲ ಮಾಡಿ ನೋಡಿ
ಎಸ್‌ಯುವಿಲಿ ಮುಂದಿನ ಒಂದು ವೀಲ್ ಮಾತ್ರ ಕಾವು ಹೊಡೀತಿದೆ, ಗಾಡಿ ಆ ಕಡೆಗೇ ಎಳೀತಿದೆ ಅಂದ್ರೆ ಕ್ಯಾಲಿಪರ್‌ಗೆ (ಬ್ರೇಕ್ ಪ್ಯಾಡನ್ನ ಡಿಸ್ಕ್‌ಗೆ ಒತ್ತಿ ಹಿಡಿಯೋ ಭಾಗ) ದುಡ್ಡು ಸುರಿಯೋಕೆ ಮುಂಚೆ ಇದೊಂದು ಮಾಡಿ: ಸಮ ಜಾಗದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಹಾಕಿ ಸ್ಟ್ಯಾಂಡ್ ಮೇಲೆ ಕೂರ್ಸಿ, ನ್ಯೂಟ್ರಲ್‌ನಲ್ಲಿ ವೀಲ್ ತಿರುಗ್ಸಿ, ಬಿಗಿ ಇದ್ರೆ ಕ್ಯಾಲಿಪರ್ ಮೇಲಿರೋ, ಬ್ರೇಕ್ ಫ್ಲೂಯಿಡ್ ಹೊರಗೆ ಬಿಡೋ ಸಣ್ಣ ಸ್ಕ್ರೂ, ಅಂದ್ರೆ ಬ್ಲೀಡರ್ ನಿಪ್ಪಲ್‌ಗೆ ಟ್ಯೂಬ್ ಸಿಕ್ಕಿಸಿ ಕಾಲು ಸುತ್ತು ಸಡಿಲ ಮಾಡಿ. ಫ್ಲೂಯಿಡ್ ಚಿಮ್ಮಿ ವೀಲ್ ತಕ್ಷಣ ಫ್ರೀ ಆದ್ರೆ ಪ್ರೆಶರ್ ವಾಪಸ್ ಹೋಗ್ತಿಲ್ಲ ಅಂತ ಅರ್ಥ. ಒಂದೇ ವೀಲ್ ಆದ್ರೆ ಹೆಚ್ಚಾಗಿ ಆ ವೀಲ್‌ಗೆ ಫ್ಲೂಯಿಡ್ ತರೋ ರಬ್ಬರ್ ಹೋಸ್ ಒಳಗೇ ಊದಿ ಮುಚ್ಕೊಂಡಿರುತ್ತೆ, ಹೊರಗಡೆಯಿಂದ ಹೊಸದರ ಥರಾನೇ ಕಾಣುತ್ತೆ, ಅದಕ್ಕೇ ಎಲ್ರೂ ಮೋಸ ಹೋಗೋದು; ಎರಡೂ ವೀಲ್ ಹಿಡಿದಿದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಫ್ಲೂಯಿಡ್‌ಗೆ ಪ್ರೆಶರ್ ಕೊಡೋ ಭಾಗ) ಕಡೆ ನೋಡಿ. ಫ್ರೀ ಆಗ್ಲಿಲ್ವಾ, ಕ್ಯಾಲಿಪರ್ ಪಿಸ್ಟನ್‌ಗೆ ತುಕ್ಕು ಹಿಡಿದಿರುತ್ತೆ, ಇಲ್ಲಾ ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಒಣಗಿರುತ್ತೆ. ಪಿನ್‌ಗೆ ಸಿಲಿಕೋನ್ ಬ್ರೇಕ್ ಗ್ರೀಸೇ ಹಾಕಿ, ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದ್ಕೊಂಡು ಪಿನ್ ಮತ್ತೆ ಹಿಡ್ಕೊಳ್ಳುತ್ತೆ. ಗಾಡಿ ರಾತ್ರಿಯೆಲ್ಲಾ ನಿಂತಿದ್ರೆ ಪ್ರೆಶರ್ ತಾನೇ ಇಳಿದಿರುತ್ತೆ, ಆಗ ಈ ಟೆಸ್ಟ್ ಏನೂ ಹೇಳಲ್ಲ, ಬ್ರೇಕ್ ಹಿಡಿದಿರುವಾಗ್ಲೇ ಮಾಡ್ಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದಾಗ ಎರಡೂ ಕಡೆ ಒಂದೇ ಸಮ ಬಿಸಿ ಇದ್ರೆ ಅದು ಸಹಜ, ಗಾಬರಿ ಬೇಡ. ಹಿಂದಿನ ವೀಲ್ ಆದ್ರೆ ಮೊದ್ಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಬಿಡ್ತಿದೆಯಾ ನೋಡಿ. ನಿಪ್ಪಲ್ ಬಿಚ್ಚಿದ್ಮೇಲೆ ಬ್ಲೀಡ್ ಮಾಡಿ (ಒಳಗೆ ಸೇರಿದ ಗಾಳಿ ಹೊರಗೆ ತೆಗೀರಿ), ಫ್ಲೂಯಿಡ್ ಲೆವೆಲ್ ಸರಿ ಮಾಡಿ, ಪೆಡಲ್ ಗಟ್ಟಿ ಇದೆ ಅಂತ ಖಾತ್ರಿ ಆಗೋವರೆಗೂ ದಯವಿಟ್ಟು ಗಾಡಿ ರೋಡಿಗೆ ಇಳಿಸ್ಬೇಡಿ.